ಹೆಣ್ಣುಮಕ್ಕಳ ಹೃದಯದ ಲೆಕ್ಕ: ತಾಯಿ ಕಾರ್ಡ್ ಹುಡುಕುವುದರಿಂದ ಶುರು ಮಾಡಿ

ಮನೆಯ ಗಂಡಸು ಎದೆ ಹಿಡಿದುಕೊಂಡು ಕೂತರೆ ಆ ಕ್ಷಣವೇ ಗಾಡಿ ಕೋಲಾರಕ್ಕೋ ಬೆಂಗಳೂರಿನ ಜಯದೇವ ಆಸ್ಪತ್ರೆಗೋ ಹೊರಡುತ್ತದೆ. ಅದೇ ಮನೆಯ ಹೆಂಗಸು ಬೆವತು, ಸುಸ್ತಾಗಿ, ಹೊಟ್ಟೆ ತೊಳಸುತ್ತಿದೆ ಎಂದರೆ ‘ಗ್ಯಾಸ್ ಇರಬೇಕು’ ಎಂದು ಜೀರಿಗೆ ಕಷಾಯ ಕುದಿಯುತ್ತದೆ. ಹೃದಯಾಘಾತ ಗಂಡಸರ ಕಾಯಿಲೆ ಎಂಬ ಹಳೆಯ ಎಣಿಕೆ ಇದರ ಹಿಂದಿದೆ. ಮುಟ್ಟು ನಡೆಯುತ್ತಿರುವಷ್ಟು ಕಾಲ ಈಸ್ಟ್ರೋಜೆನ್ ಹಾರ್ಮೋನು ರಕ್ತನಾಳಗಳಿಗೆ ಒಂದಿಷ್ಟು ಕಾವಲಾಗಿರುವುದರಿಂದ ಹೆಂಗಸರಿಗೆ ಈ ಕಾಯಿಲೆ ಗಂಡಸರಿಗಿಂತ ಸುಮಾರು 7ರಿಂದ 10 ವರ್ಷ ತಡವಾಗಿ ಬರುತ್ತದೆ ಎಂಬುದು ನಿಜ. ತಡವಾಗಿ ಬರುವುದನ್ನು ನಾವು ಬರುವುದೇ ಇಲ್ಲ ಎಂದು ಓದಿಕೊಂಡಿದ್ದೇವೆ. ಜಗತ್ತಿನಲ್ಲಿ ಮಹಿಳೆಯರ ಸಾವಿಗೆ ಎಲ್ಲಕ್ಕಿಂತ ದೊಡ್ಡ ಕಾರಣ ಹೃದಯ ಮತ್ತು ರಕ್ತನಾಳಗಳ ಕಾಯಿಲೆಯೇ.

ನಿಮ್ಮ ಅಪಾಯ ಎಷ್ಟೆಂದು ತಿಳಿಯಲು ಮೊದಲು ಬೇಕಾಗಿರುವುದು ರಕ್ತಪರೀಕ್ಷೆಯಲ್ಲ, ಟ್ರಂಕಿನೊಳಗೆ ರೇಷನ್ ಕಾರ್ಡಿನ ಜೊತೆ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಟ್ಟಿರುವ ತಾಯಿ ಕಾರ್ಡ್. ಮಗುವಿನ ಚುಚ್ಚುಮದ್ದು ಮುಗಿದ ಮೇಲೆ ಅದನ್ನು ಯಾರೂ ತೆರೆಯುವುದಿಲ್ಲ. ತೆರೆದು, ಪ್ರತಿ ತಿಂಗಳ ತಪಾಸಣೆಯ ಸಾಲುಗಳಲ್ಲಿ ಬಿ.ಪಿ., ಮೂತ್ರದ ಆಲ್ಬುಮಿನ್ (ಒಂದು ಬಗೆಯ ಪ್ರೋಟೀನ್) ಮತ್ತು ಸಕ್ಕರೆಯ ಅಂಕಿಗಳನ್ನು ನೋಡಿ. ಐದು ತಿಂಗಳು ತುಂಬಿದ ಮೇಲೆ ಬಿ.ಪಿ. 140/90 ದಾಟಿ, ಮೂತ್ರದಲ್ಲಿ ಆಲ್ಬುಮಿನ್ ಕಾಣಿಸಿಕೊಂಡಿದ್ದರೆ ಅದು ಪ್ರೀಎಕ್ಲಾಂಪ್ಸಿಯಾ. ಹೆರಿಗೆಯಾದ ಮೇಲೆ ಬಿ.ಪಿ. ಇಳಿದು ಎಲ್ಲರೂ ಅದನ್ನು ಮರೆತಿದ್ದರೂ, ಆ ತಾಯಿಗೆ ಮುಂದೆ ಹೃದಯದ ಕಾಯಿಲೆ ಬರುವ ಸಾಧ್ಯತೆ ಉಳಿದವರಿಗಿಂತ ಸುಮಾರು ಎರಡು ಪಟ್ಟು. ಬಸುರಿನಲ್ಲಿ ಸಕ್ಕರೆ ಏರಿದ್ದವರಿಗೆ ಮುಂದೆ ಖಾಯಂ ಸಕ್ಕರೆ ಕಾಯಿಲೆ ಬರುವ ಸಾಧ್ಯತೆ ಹಲವು ಪಟ್ಟು ಹೆಚ್ಚು. ಅಂಥವರು ಹೆರಿಗೆಯಾದ 6 ವಾರದ ಬಳಿಕ ಒಮ್ಮೆ, ಆನಂತರ ವರ್ಷಕ್ಕೊಮ್ಮೆ ಸಕ್ಕರೆ ಪರೀಕ್ಷೆ ಮಾಡಿಸಬೇಕು. 37 ವಾರಕ್ಕೆ ಮೊದಲೇ ಹೆರಿಗೆಯಾಗಿದ್ದರೆ ಅದನ್ನೂ ಗುರುತು ಹಾಕಿಕೊಳ್ಳಿ. ಬಸುರು ಎಂಬುದು ಹೃದಯಕ್ಕೆ ಪ್ರಕೃತಿಯೇ ಒಡ್ಡುವ ಪರೀಕ್ಷೆ, ತಾಯಿ ಕಾರ್ಡ್ ಅದರ ಅಂಕಪಟ್ಟಿ ಎಂದು ತಿಳಿದರೆ ತಪ್ಪಿಲ್ಲ.

ಅದೇ ಕವರಿನಲ್ಲಿ ಗರ್ಭಕೋಶದ ಆಪರೇಷನ್ನಿನ ಚೀಟಿ ಇದ್ದರೆ ಅದನ್ನೂ ಹೊರತೆಗೆಯಿರಿ. ‘ಗರ್ಭಕೋಶ ತೆಗೆಸಿದ್ದಾಯಿತು’ ಎನ್ನುವ ಅನೇಕರಿಗೆ ಅದರ ಜೊತೆ ಅಂಡಾಶಯಗಳನ್ನೂ ತೆಗೆದರೇ, ಉಳಿಸಿದರೇ ಎಂಬುದು ಗೊತ್ತಿರುವುದಿಲ್ಲ, ಹೇಳುವವರೂ ಕಡಿಮೆ. 45 ವರ್ಷಕ್ಕೆ ಮೊದಲೇ ಎರಡೂ ಅಂಡಾಶಯಗಳು ಹೋಗಿದ್ದರೆ, ಇಲ್ಲವೇ 40ರೊಳಗೆ ತಾನಾಗಿಯೇ ಮುಟ್ಟು ನಿಂತಿದ್ದರೆ, ಈಸ್ಟ್ರೋಜೆನ್ನಿನ ಕಾವಲು ಅಷ್ಟು ಬೇಗ ತಪ್ಪಿದಂತೆ.

ಕಾಗದಗಳಾದ ಮೇಲೆ ಟೇಪು. ಊರಿನ ಟೈಲರ್ ಬಳಿ ಇರುವ ಬಟ್ಟೆಯ ಟೇಪು ಸಾಕು. ನಮ್ಮ ಹೆಣ್ಣುಮಕ್ಕಳು ಸೊಂಟ ಎಂದರೆ ಲಂಗದ ಲಾಡಿ ಕಟ್ಟುವ ಜಾಗವನ್ನೇ ತೋರಿಸುತ್ತಾರೆ. ಹೊಟ್ಟೆ ಬೆಳೆದಂತೆ ಲಾಡಿ ಅದರ ಕೆಳಕ್ಕೆ ಜಾರುವುದರಿಂದ ಅಲ್ಲಿ ಅಳೆದ ಅಳತೆ ಸುಳ್ಳು ಹೇಳುತ್ತದೆ. ಲಾಡಿ ಸಡಿಲಿಸಿ, ಪಕ್ಕೆಯಲ್ಲಿ ಕೊನೆಯ ಪಕ್ಕೆಲುಬನ್ನು ಬೆರಳಿನಿಂದ ಮುಟ್ಟಿ, ಸೊಂಟದ ಮೂಳೆಯ ಮೇಲಂಚನ್ನು ಮುಟ್ಟಿ, ಎರಡರ ನಡುಮಧ್ಯಕ್ಕೆ ಟೇಪು ಸುತ್ತಿ, ಉಸಿರನ್ನು ಸಹಜವಾಗಿ ಬಿಟ್ಟ ಮೇಲೆ ಓದಿ. ಹೊಟ್ಟೆಯನ್ನು ಒಳಗೆಳೆದುಕೊಳ್ಳಬಾರದು. ನಮ್ಮ ಭಾಗದ ಹೆಂಗಸರಿಗೆ 80 ಸೆಂಟಿಮೀಟರ್ ಮೇರೆ. ಮೈ ತೆಳ್ಳಗಿದ್ದು ಹೊಟ್ಟೆ ಮಾತ್ರ ಮುಂದೆ ಬಂದಿದ್ದರೂ ಅಪಾಯವೇ.

ಈಗ ಲೆಕ್ಕ ಹಾಕಬಹುದು. ಆಶಾ ಕಾರ್ಯಕರ್ತೆಯರು 30 ದಾಟಿದವರಿಗೆ ತುಂಬಿಸುವ ನಮೂನೆಯಲ್ಲಿ ಅಂಕಗಳ ಪದ್ಧತಿಯೊಂದಿದೆ. ಶ್ರೀನಿವಾಸಪುರದ ಕಡೆ ರೇಷ್ಮೆ ಹುಳು ಸಾಕುವ, 46 ವರ್ಷದ ಒಬ್ಬ ಹೆಂಗಸನ್ನು ಊಹಿಸಿಕೊಳ್ಳಿ. ವಯಸ್ಸಿಗೆ 2 ಅಂಕ. ಎಲೆಅಡಿಕೆಯ ಜೊತೆ ದಿನವೂ ಕಡ್ಡಿಪುಡಿ, ಅಂದರೆ ತಂಬಾಕು, ಹಾಕಿಕೊಳ್ಳುವುದರಿಂದ 2. ಸುತ್ತಳತೆ 86 ಸೆಂಟಿಮೀಟರ್, 1. ಮದ್ಯ ಇಲ್ಲ, ಸೊಪ್ಪು ಕೊಯ್ದು, ಹೊತ್ತು, ಹುಳುವಿಗೆ ಹಾಕುವ ದುಡಿಮೆ ವಾರಕ್ಕೆ 150 ನಿಮಿಷವನ್ನು ಎಂದೋ ಮೀರುತ್ತದೆ, ಎರಡಕ್ಕೂ ಸೊನ್ನೆ. ಅಪ್ಪನಿಗೆ ಬಿ.ಪಿ. ಇತ್ತು, 2. ಒಟ್ಟು 7. ಅಂಕ 4 ದಾಟಿದರೆ ತಡಮಾಡದೆ ತಪಾಸಣೆಗೆ ಹೋಗಬೇಕು. ಮೈಮುರಿದು ದುಡಿಯುವವಳಿಗೆ ಹೃದಯದ ಕಾಯಿಲೆ ಎಲ್ಲಿಂದ ಎನ್ನುವವರಿಗೆ ಈ ಲೆಕ್ಕ ತೋರಿಸಬೇಕು. ನನ್ನ ತಕರಾರು ಒಂದೇ: ಈ ಅಂಕಗಳಲ್ಲಿ ಬಸುರಿನ ಬಿ.ಪಿ.ಗೂ ಸಕ್ಕರೆಗೂ ಜಾಗವಿಲ್ಲ. ಆದ್ದರಿಂದ ಅಂಕ ಕಡಿಮೆ ಬಂದರೂ ತಾಯಿ ಕಾರ್ಡಿನಲ್ಲಿ ಗುರುತು ಬಿದ್ದಿದ್ದವರು ತಪಾಸಣೆ ಬಿಡಬಾರದು. ಹಂಡೆ ಒಲೆಯ ಹೊಗೆಯೂ ರಕ್ತನಾಳಗಳಿಗೆ ಕೇಡೇ.

ತಪಾಸಣೆ ದೂರವೇನಿಲ್ಲ. ಮನೆಬಾಗಿಲಿಗೆ ಬರುವ ‘ಗೃಹ ಆರೋಗ್ಯ’ ಯೋಜನೆ 2024ರಲ್ಲಿ ಶುರುವಾದದ್ದೇ ಕೋಲಾರ ಜಿಲ್ಲೆಯಿಂದ. ಬಿ.ಪಿ. ನೋಡಿಸುವಾಗ ಐದು ನಿಮಿಷ ಒರಗಿ ಕೂತು, ಬಿಗಿಯಾದ ರವಿಕೆಯ ತೋಳನ್ನು ಸರಿಸಿ, ಅರ್ಧ ಗಂಟೆಯಿಂದ ಕಾಫಿಯಾಗಲಿ ಕಡ್ಡಿಪುಡಿಯಾಗಲಿ ಬಾಯಿಗೆ ಹಾಕದೆ ಎರಡು ಬಾರಿ ಓದಿಸಿ. ಬೇರೆ ಬೇರೆ ದಿನಗಳಲ್ಲಿ 140/90 ಅಥವಾ ಮೇಲಿದ್ದರೆ ಚಿಕಿತ್ಸೆಯ ಮಾತು ಬರುತ್ತದೆ. ಖಾಲಿ ಹೊಟ್ಟೆಯ ಸಕ್ಕರೆ 126 ಮುಟ್ಟಿದರೆ ಅದು ಸಕ್ಕರೆ ಕಾಯಿಲೆಯ ಮಟ್ಟ. ಹೆಂಗಸರಲ್ಲಿ ಅದು ಪ್ರಕೃತಿ ಕೊಟ್ಟ ಕಾವಲನ್ನು ಬಹುಮಟ್ಟಿಗೆ ಅಳಿಸಿಬಿಡುತ್ತದೆ. ಕೊಲೆಸ್ಟರಾಲ್ ವರದಿಯಲ್ಲಿ ಒಟ್ಟು ಅಂಕಿಯನ್ನಷ್ಟೇ ನೋಡದೆ, ‘ಒಳ್ಳೆಯ ಕೊಲೆಸ್ಟರಾಲ್’ ಎನ್ನುವ ಎಚ್.ಡಿ.ಎಲ್. 50ಕ್ಕಿಂತ ಕೆಳಗಿದೆಯೇ, ರಕ್ತದಲ್ಲಿನ ಇನ್ನೊಂದು ಕೊಬ್ಬಾದ ಟ್ರೈಗ್ಲಿಸರೈಡ್ 150ಕ್ಕಿಂತ ಮೇಲಿದೆಯೇ ಎಂದು ಕೇಳಿ. ಉಪ್ಪು ದಿನಕ್ಕೆ ಒಂದು ಟೀ ಚಮಚದೊಳಗಿರಲಿ. ಮುದ್ದೆ, ಬಸ್ಸಾರಿನ ತಪ್ಪೇನಿಲ್ಲ, ಪಕ್ಕದ ಮಾವಿನ ಉಪ್ಪಿನಕಾಯಿ ಮತ್ತು ಹಪ್ಪಳ ಆ ಚಮಚವನ್ನು ಬೇಗ ತುಂಬಿಸುತ್ತವೆ.

ಇನ್ನು ಆಘಾತವೇ ಬಂದಾಗ. ಎದೆನೋವು ಹೆಂಗಸರಲ್ಲೂ ಎಲ್ಲಕ್ಕಿಂತ ಸಾಮಾನ್ಯ ಲಕ್ಷಣ. ಆದರೆ ಅದು ಹಿಂಡಿದಂತಿರದೆ ಬರಿಯ ಭಾರವಾಗಿರಬಹುದು. ಜೊತೆಗೆ ಅಥವಾ ಬದಲಿಗೆ ದವಡೆ, ಕತ್ತು, ಬೆನ್ನಿನ ನೋವು, ಏದುಸಿರು, ತಣ್ಣನೆ ಬೆವರು, ವಾಕರಿಕೆ, ಕಾರಣವೇ ಇಲ್ಲದ ವಿಪರೀತ ಸುಸ್ತು ಹೆಂಗಸರಲ್ಲಿ ಹೆಚ್ಚು. ಹೀಗಾದರೆ ಕಷಾಯಕ್ಕೆ ಕಾಯದೆ 108ಕ್ಕೆ ಕರೆ ಮಾಡಿ. ರಕ್ತನಾಳದ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಹೃದಯ ಜ್ಯೋತಿ ಯೋಜನೆಯಡಿ ಸರ್ಕಾರಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಉಚಿತವಾಗಿ ಕೊಡುತ್ತಾರೆ. ನೋವು ಶುರುವಾದ ಮೊದಲ ಮೂರು ಗಂಟೆಯೊಳಗೆ ಅದರ ಫಲ ಹೆಚ್ಚು. ಆಸ್ಪತ್ರೆ ಮುಟ್ಟಿದ 10 ನಿಮಿಷದಲ್ಲಿ ಇ.ಸಿ.ಜಿ. ಆಗಬೇಕು. ಮೊದಲ ಇ.ಸಿ.ಜಿ. ಸರಿಯಿದೆ ಎಂದು ಮನೆಗೆ ಕಳಿಸಲು ಹೊರಟರೆ, ಸಂಕಟ ಇಳಿಯದಿದ್ದಲ್ಲಿ, ಇನ್ನೊಂದು ಇ.ಸಿ.ಜಿ. ಮತ್ತು ಹೃದಯದ ಸ್ನಾಯುವಿಗೆ ಪೆಟ್ಟಾಗಿದೆಯೇ ಎಂದು ತೋರಿಸುವ ಟ್ರೋಪೋನಿನ್ ರಕ್ತಪರೀಕ್ಷೆ ಬೇಕೇ ಎಂದು ವೈದ್ಯರನ್ನು ವಿನಯದಿಂದಲೇ ಕೇಳಿ. ಹಾಗೆಯೇ, ಮನೆಯಿಂದ ಹೊರಡುವಾಗ ಆ ಪ್ಲಾಸ್ಟಿಕ್ ಕವರನ್ನು ಕೈಯಲ್ಲಿ ಹಿಡಿದುಕೊಂಡೇ ಹೊರಡಿ.