ಕಾಲು ತಾಗಿದರೆ ಕಣ್ಣಿಗೆ ಒತ್ತಿಕೊಳ್ಳುವವಳು ಟೇಕ್ವಾಂಡೋ ಕಲಿತದ್ದು

ಕೊರಿಯಾದಲ್ಲಿ ಟೇಕ್ವಾಂಡೋ ಕ್ಲಾಸಿಗೆ ಸೇರಿ ಇನ್ನೂ ಒಂದು ವಾರ ಆಗಿರಲಿಲ್ಲ. ನನ್ನ ಎದುರು ಮಿಟ್, ಅಂದರೆ ಒದೆತ ತಡೆಯುವ ಮೆತ್ತೆ, ಹಿಡಿದು ನಿಂತಿದ್ದವರು ನಮ್ಮಪ್ಪನ ವಯಸ್ಸಿನವರು. ಆ ಮಿಟ್‌ಗೆ ನಾನು ಒದೆಯಬೇಕಿತ್ತು. ಒದ್ದೆ. ಗುರಿ ತಪ್ಪಿ ನನ್ನ ಪಾದ ಅವರ ಮುಂಗೈಗೆ ಬಡಿಯಿತು. ಯೋಚನೆ ಮಾಡುವಷ್ಟರಲ್ಲಿ ನಾನು ಬಗ್ಗಿ, ಅವರ ಕೈ ಮುಟ್ಟಿ, ಬೆರಳನ್ನು ಕಣ್ಣಿಗೆ ಒತ್ತಿಕೊಂಡಾಗಿತ್ತು.

ಕ್ಲಾಸು ಹಾಗೇ ನಿಂತಿತು. ಏನಾಯಿತು ಅಂತ ಅವರು ಕೇಳಿದರು. ನನ್ನ ಕೊರಿಯನ್ ಆಗ ಅಂಗಡಿಯಲ್ಲಿ ಬೆಲೆ ಕೇಳುವಷ್ಟೇ ಇತ್ತು. ಫೋನಿನಲ್ಲಿ ಭಾಷಾಂತರ ಮಾಡಿಕೊಂಡು ತೋರಿಸಿದೆ: ನಮ್ಮ ಕಡೆ ಯಾರಿಗಾದರೂ ಕಾಲು ತಾಗಿದರೆ ಹೀಗೆ ಮಾಡುತ್ತೇವೆ, ಹಿರಿಯರಿಗೆ ತಾಗಿದರಂತೂ ಬಿಡುವ ಹಾಗೇ ಇಲ್ಲ. ಅವರು ನಿಧಾನವಾಗಿ ಓದಿದರು. ಆಮೇಲೆ ಒಂದೊಂದೇ ಪದ ಬಿಡಿಸಿ ಹೇಳಿದರು: "ಒದೆಯುವ ಮೊದಲು ನನಗೆ ಬಗ್ಗಿದಿರಿ ಅಲ್ವಾ? ಮುಗಿದ ಮೇಲೂ ಬಗ್ಗುತ್ತೀರಿ. ನಡುವೆ ಬೇಡ. ನಡುವೆ ಸರಿಯಾಗಿ ಒದೆಯಿರಿ."

ಮೂರು ವರ್ಷ ಸುವಾನ್ ಊರಿನಲ್ಲಿದ್ದೆ. ಅಲ್ಲಿ ನಾನು ಕಲಿತದ್ದೆಲ್ಲ ಆ ಮಾತಿನೊಳಗೇ ಇತ್ತು ಅಂತ ಈಗ ಅನಿಸುತ್ತದೆ.

ಸುವಾನ್ ಇರುವುದು ಸಿಯೋಲ್‌ನ ದಕ್ಷಿಣಕ್ಕೆ. ಕೆಲಸದ ಮೇಲೆ ಹೋದಾಗ ನನಗೆ 34 ವರ್ಷ. ಮನೆ ಹತ್ತಿರದ ಕಟ್ಟಡದ ಮೂರನೇ ಮಹಡಿಯಲ್ಲಿ ಒಂದು ಡೊಜಾಂಗ್ ಇತ್ತು. ಡೊಜಾಂಗ್ ಅಂದರೆ ಅಭ್ಯಾಸದ ಜಾಗ, ನಮ್ಮ ಗರಡಿಯ ಹಾಗೆ. ಮಧ್ಯಾಹ್ನವಾದರೆ ಹಳದಿ ವ್ಯಾನುಗಳಲ್ಲಿ ಶಾಲೆಯ ಮಕ್ಕಳು ಬಂದು ಇಳಿಯುತ್ತಿದ್ದರು. ಕೊರಿಯಾದಲ್ಲಿ ಟೇಕ್ವಾಂಡೋ ಜಾಸ್ತಿ ಮಕ್ಕಳದ್ದೇ. ದೊಡ್ಡವರ ಕ್ಲಾಸು ಬೇಕು ಅಂದರೆ ಹುಡುಕಬೇಕು. ಇಲ್ಲಿ ರಾತ್ರಿ ಎಂಟೂವರೆಗೆ ಒಂದಿತ್ತು. ಇಬ್ಬರು ಕಾಲೇಜು ಹುಡುಗರು, ಒಬ್ಬ ಬ್ಯಾಂಕ್ ಉದ್ಯೋಗಿ, ತಡವಾಗಿ ಬರುವ ನಾಲ್ಕೈದು ಶಾಲಾ ಮಕ್ಕಳು, ಜೊತೆಗೆ ನಾನು. ಹೋಗಿ ಕೇಳಿದ ದಿನವೇ ಅಳತೆ ನೋಡಿ ಬಿಳಿ ಡೊಬೊಕ್ ಕೈಗಿಟ್ಟರು. ಡೊಬೊಕ್ ಅಂದರೆ ಅಭ್ಯಾಸದ ಬಟ್ಟೆ.

ಮೊದಲ ದಿನ ಒದೆತವನ್ನೇ ಕಲಿಸುತ್ತಾರೆ ಅಂದುಕೊಂಡಿದ್ದೆ. ಬಾಗಿಲು ದಾಟುವುದನ್ನು ಕಲಿಸಿದರು. ಚಪ್ಪಲಿ ಗೂಡಿನಲ್ಲಿ ಮೂತಿ ಹೊರಗೆ ಮಾಡಿ ಇಡಬೇಕು. ಒಳಗೆ ಕಾಲಿಡುವ ಮೊದಲು ನಿಂತು, ಎದುರು ಗೋಡೆಯ ಬಾವುಟಕ್ಕೆ ಬಗ್ಗಬೇಕು. ಆಮೇಲೆ ಗ್ವಾನ್‌ಜಾಂಗ್‌ನಿಮ್‌ಗೆ. ಗ್ವಾನ್‌ಜಾಂಗ್ ಅಂದರೆ ಡೊಜಾಂಗ್ ನಡೆಸುವವರು. ಕೊನೆಯ "ನಿಮ್" ನಮ್ಮ "ಅವರು" ಇದ್ದ ಹಾಗೆ, ಮರ್ಯಾದೆಗೆ. ಅವರ ಕೈಕೆಳಗೆ ಕಲಿಸುವವರು ಸಾಬೊಮ್‌ನಿಮ್. ಹೆಸರು ಹಿಡಿದು ಯಾರೂ ಕರೆಯುವುದಿಲ್ಲ. ನಾವು ಮೇಷ್ಟ್ರನ್ನು ಹೆಸರಿಟ್ಟು ಕರೆಯುತ್ತೇವಾ? ಹಾಗೆಯೇ. ಈ ಒಂದು ವಿಷಯದಲ್ಲಿ ನನಗೆ ಕಲಿಯುವುದು ಏನೂ ಇರಲಿಲ್ಲ.

ಬೆಲ್ಟು ಕಟ್ಟುವುದಕ್ಕೆ ಒಂದಿಡೀ ಸಂಜೆ ಹೋಯಿತು. ಬೆಲ್ಟನ್ನು "ತ್ತಿ" ಅನ್ನುತ್ತಾರೆ. ಸೊಂಟಕ್ಕೆ ಎರಡು ಸುತ್ತು, ಒಂದರ ಮೇಲೆ ಒಂದು ಸರಿಯಾಗಿ ಕೂರಬೇಕು, ಗಂಟು ಹಾಕಿದ ಮೇಲೆ ಎರಡು ತುದಿಯೂ ಒಂದೇ ಉದ್ದ ಇಳಿಬೀಳಬೇಕು. ಅಭ್ಯಾಸದ ನಡುವೆ ಸಡಿಲವಾದರೆ ಬಾವುಟಕ್ಕೂ ಗುರುಗಳಿಗೂ ಬೆನ್ನು ಮಾಡಿ ನಿಂತು ಸರಿಪಡಿಸಿಕೊಳ್ಳಬೇಕು. ಮೊದಲು ಇದು ತಲೆಕೆಳಗು ಅನಿಸಿತು. ನಮ್ಮಲ್ಲಿ ದೇವರಿಗೆ, ಗುರುಗಳಿಗೆ ಬೆನ್ನು ತೋರಿಸಬಾರದು ಅಲ್ವಾ? ಅಲ್ಲಿಯ ಲೆಕ್ಕ ಬೇರೆ: ಹಿರಿಯರ ಎದುರು ಮೈಮೇಲಿನ ಬಟ್ಟೆ ಬಿಚ್ಚಿ ಎಳೆದು ಮಾಡಬಾರದು. ಊಟಕ್ಕೆ ಕೂತಾಗಲೂ ಇದೇ ಲೆಕ್ಕ ಕಂಡೆ. ದೊಡ್ಡವರ ಎದುರು ಮದ್ಯ ಕುಡಿಯುವವರು ಮುಖ ಪಕ್ಕಕ್ಕೆ ತಿರುಗಿಸಿ ಕುಡಿಯುತ್ತಾರೆ. ಲೋಟಕ್ಕೆ ಸುರಿಯುವಾಗಲೂ, ಕೊಡುವಾಗಲೂ, ತೆಗೆದುಕೊಳ್ಳುವಾಗಲೂ ಎರಡು ಕೈ. ಹಿರಿಯರು ಚಮಚ ಎತ್ತುವವರೆಗೆ ಯಾರೂ ಊಟ ಶುರು ಮಾಡುವುದಿಲ್ಲ.

ಕ್ಲಾಸು ದಿನಾ ಒಂದೇ ರೀತಿ ಶುರುವಾಗುತ್ತದೆ. ಬೆಲ್ಟಿನ ಪ್ರಕಾರ ಸಾಲು, ಹಿರಿಯ ಬೆಲ್ಟು ಮುಂದೆ, ಬಿಳಿ ಬೆಲ್ಟು ಕೊನೆಗೆ. "ಚಾರ್ಯೊತ್" ಅಂದರೆ ನೆಟ್ಟಗೆ ನಿಲ್ಲಬೇಕು. ಬಾವುಟದ ಕಡೆ ತಿರುಗಿ ಬಲಗೈ ಎದೆಯ ಎಡಭಾಗಕ್ಕೆ. ನಾನು ಪರದೇಶದವಳು, ಏನು ಮಾಡಲಿ ಅಂತ ಕೇಳಿದ್ದೆ. ಕೈ ಇಡಬೇಕಿಲ್ಲ, ನೆಟ್ಟಗೆ ನಿಂತರೆ ಸಾಕು ಅಂದರು. ಆಮೇಲೆ "ಕ್ಯೊಂಗ್‌ನ್ಯೆ" ಅಂದಾಗ ಗುರುಗಳಿಗೆ ಬಗ್ಗುವುದು. ಸೊಂಟದಿಂದ ಬಗ್ಗಬೇಕು, ಬೆನ್ನು ನೇರ, ಕಣ್ಣು ನೆಲದ ಕಡೆ. ನಾನು ಬರೀ ಕತ್ತು ಬಗ್ಗಿಸುತ್ತಿದ್ದೆ. ಸಾಬೊಮ್‌ನಿಮ್ ಪ್ರತಿ ದಿನ ನನ್ನನ್ನು ಇನ್ನೊಮ್ಮೆ ಬಗ್ಗಿಸುತ್ತಿದ್ದರು, ಸುಮಾರು ಒಂದು ತಿಂಗಳು. ಒದೆತ ತಪ್ಪಿದರೆ ಬಿಡುತ್ತಿದ್ದರು, ಇದನ್ನು ಬಿಡುತ್ತಿರಲಿಲ್ಲ.

ಮೈ ಬಿಸಿ ಮಾಡಿದ ಮೇಲೆ ಕಾಲು ಹಿಗ್ಗಿಸುವುದು. ಅದಕ್ಕೆ ಅವರು ಇಟ್ಟ ಹೆಸರಿನ ಅರ್ಥವೇ "ಕಾಲು ಸೀಳುವುದು". 34ರ ವಯಸ್ಸಿನಲ್ಲಿ ಶುರು ಮಾಡುವವರಿಗೆ ನನ್ನದೊಂದು ಮಾತು: ಪಕ್ಕದ ಮಕ್ಕಳನ್ನು ನೋಡಿ ಜೋರು ಮಾಡಬೇಡಿ. ದಿನಾ ಮನೆಯಲ್ಲಿ ಹತ್ತು ನಿಮಿಷ, ಬಿಸಿನೀರು ಸ್ನಾನ ಆದಮೇಲೆ, ಉಸಿರು ಬಿಡುತ್ತಾ ಮಾಡಿ. ನನಗೆ ಸೊಂಟದ ಎತ್ತರಕ್ಕೆ ಸರಾಗವಾಗಿ ಕಾಲು ಏಳಲು ಐದು ತಿಂಗಳು ಬೇಕಾಯಿತು.

ಎಣಿಕೆ ನನಗೆ ತುಂಬ ಇಷ್ಟವಾದ ವಿಷಯ. ಒದೆಯುವಾಗ ಹಾನಾ, ತುಲ್, ಸೆತ್, ನೆತ್ ಅಂತ ಕೂಗುತ್ತಾರೆ. ಅದು ಅಚ್ಚ ಕೊರಿಯನ್. ಆದರೆ ಪಾಠಗಳಿಗೆ ನಂಬರು ಕೊಡುವಾಗ ಇಲ್, ಇ, ಸಾಮ್, ಸಾ ಅನ್ನುತ್ತಾರೆ. ಅದು ಚೀನಾದ ಕಡೆಯಿಂದ ಬಂದದ್ದು. ಕೊರಿಯನ್ ಕಲಿಯುವ ಬೇರೆ ದೇಶದವರು ಇಲ್ಲಿ ಒದ್ದಾಡುತ್ತಾರೆ. ನನಗೆ ಕಷ್ಟವಾಗಲಿಲ್ಲ. ನಾವೂ ಒಂದು, ಎರಡು ಅಂತ ಎಣಿಸಿ, ಪರೀಕ್ಷೆಯಲ್ಲಿ ಪ್ರಥಮ, ದ್ವಿತೀಯ ಅನ್ನುತ್ತೇವಲ್ಲ. ಪ್ರತಿ ಎಣಿಕೆಗೂ ಒಂದು ಕೂಗು ಇದೆ, ಅದು ಕಿಹಾಪ್. ಗಂಟಲಿನಿಂದ ಅಲ್ಲ, ಹೊಟ್ಟೆಯಿಂದ ಬರಬೇಕು. ಹೆಣ್ಣುಮಕ್ಕಳು ಜೋರಾಗಿ ಕೂಗಬಾರದು ಅನ್ನುವ ಮನೆಯಲ್ಲಿ ಬೆಳೆದವಳು ನಾನು. ಮೊದಲ ತಿಂಗಳು ಬಾಯಿಂದ ಗಾಳಿ ಮಾತ್ರ ಬರುತ್ತಿತ್ತು. ಒಂದು ದಿನ ಪಕ್ಕದ ಶಾಲಾ ಹುಡುಗಿ ನನ್ನ ಹೊಟ್ಟೆಯ ಮೇಲೆ ಕೈಯಿಟ್ಟು "ಇಲ್ಲಿಂದ" ಅಂದಳು. ಅವತ್ತು ಬಂದ ಕೂಗಿಗೆ ನನ್ನ ಕಣ್ಣಲ್ಲಿ ನೀರು ಬಂತು.

ಆ ಹುಡುಗಿಗೆ ಹನ್ನೆರಡು ವರ್ಷ. ಅವಳ ಬೆಲ್ಟು ಅರ್ಧ ಕೆಂಪು, ಅರ್ಧ ಕಪ್ಪು. ಹದಿನೈದು ತುಂಬದವರಿಗೆ ಕೊಡುವುದು ಡಾನ್ ಅಲ್ಲ, ಪೂಮ್. ಡಾನ್ ಅಂದರೆ ದೊಡ್ಡವರ ಕಪ್ಪು ಬೆಲ್ಟಿನ ಮೆಟ್ಟಿಲು. ಈ ಎರಡು ಬಣ್ಣದ ಬೆಲ್ಟು ಪೂಮ್‌ನ ಗುರುತು. ಸಾಲಿನಲ್ಲಿ ಅವಳು ನನಗಿಂತ ಮುಂದೆ, ಪಾಠ ತಿದ್ದುವವಳೂ ಅವಳೇ. ಆದರೆ ಮಾತಾಡುವಾಗ ನನ್ನ ವಯಸ್ಸಿಗೆ ಮರ್ಯಾದೆ ಕೊಟ್ಟು, ನಮ್ಮ ಬಹುವಚನದ ಹಾಗಿನ ಮಾತಿನಲ್ಲೇ ಮಾತಾಡುತ್ತಿದ್ದಳು. ನನ್ನನ್ನು "ಇಮೊ" ಅಂತ ಕರೆಯುತ್ತಿದ್ದಳು. ಇಮೊ ಅಂದರೆ ಅಮ್ಮನ ಅಕ್ಕ ಅಥವಾ ತಂಗಿ, ನಮ್ಮ ದೊಡ್ಡಮ್ಮ, ಚಿಕ್ಕಮ್ಮ. ಬೆಲ್ಟಿನ ಹಿರಿತನ ಒಂದು, ವಯಸ್ಸಿನ ಹಿರಿತನ ಇನ್ನೊಂದು. ಎರಡನ್ನೂ ಆ ಮಗು ಒಂದಕ್ಕೊಂದು ತಾಗದ ಹಾಗೆ ನಡೆಸಿಕೊಂಡು ಹೋಗುತ್ತಿತ್ತು.

ಪಾಠ ಅಂದೆನಲ್ಲ, ಅದು ಪೂಮ್‌ಸೆ. ಎದುರಾಳಿ ಇಲ್ಲದೆ, ಗೊತ್ತಾದ ಕ್ರಮದಲ್ಲಿ ತಡೆ, ಗುದ್ದು, ಒದೆತ ಮಾಡುತ್ತಾ ಹೋಗಿ, ಹೊರಟ ಜಾಗಕ್ಕೇ ಬಂದು ನಿಲ್ಲುವುದು. ಕಪ್ಪು ಬೆಲ್ಟಿಗೆ ಮೊದಲು ಎಂಟು ಪೂಮ್‌ಸೆ ಕಲಿಯಬೇಕು. ಅವುಗಳ ಹೆಸರು ತೇಗುಕ್. ಕೊರಿಯಾದ ಬಾವುಟದ ನಡುವೆ ಕೆಂಪು ನೀಲಿ ಸುರುಳಿ ಇದೆಯಲ್ಲ, ಅದೇ ತೇಗುಕ್. ಸುತ್ತ ನಾಲ್ಕು ಮೂಲೆಯಲ್ಲಿ ಮೂರು ಮೂರು ಕಪ್ಪು ಗೆರೆ. ಗೆರೆಗಳ ಅಂಥ ಗುರುತು ಒಟ್ಟು ಎಂಟು, ಬಾವುಟದಲ್ಲಿ ನಾಲ್ಕು ಮಾತ್ರ. ಒಂದೊಂದು ಪೂಮ್‌ಸೆಗೆ ಒಂದೊಂದು ಗುರುತು: ಆಕಾಶ, ಕೆರೆ, ಬೆಂಕಿ, ಗುಡುಗು, ಗಾಳಿ, ನೀರು, ಬೆಟ್ಟ, ಭೂಮಿ. ಆಕಾಶದಿಂದ ಶುರುವಾಗಿ ಭೂಮಿಗೆ ಬಂದು ಮುಗಿಯುತ್ತದೆ. ಮೊದಲನೆಯದು ಹೆಚ್ಚುಕಡಿಮೆ ನಡೆಯುವುದೇ, ಎಂಟನೆಯದರಲ್ಲಿ ಗಾಳಿಯಲ್ಲಿ ಹಾರಿ ಎರಡು ಕಾಲಲ್ಲೂ ಒದೆಯಬೇಕು. ನನ್ನನ್ನು ಕಾಡಿದ್ದು ನಾಲ್ಕನೆಯದು, ಗುಡುಗು. ಅದರಲ್ಲಿ ಪಕ್ಕದ ಒದೆತ ಬೆನ್ನು ಬೆನ್ನಿಗೆ ಎರಡು ಬರುತ್ತದೆ. ಮೊದಲನೆಯದನ್ನು ಇಳಿಸಿ ಎರಡನೆಯದನ್ನು ಎತ್ತುವಷ್ಟರಲ್ಲಿ ನಾನು ಓಲಾಡುತ್ತಿದ್ದೆ. ಅಡುಗೆಮನೆಯಲ್ಲಿ ಅನ್ನ ಆಗುವವರೆಗೆ ಕಟ್ಟೆ ಹಿಡಿದು ಅದೊಂದನ್ನೇ ಮಾಡುತ್ತಿದ್ದೆ.

ಹಸಿರು ಬೆಲ್ಟಿನಲ್ಲಿದ್ದಾಗ ಕ್ಯೊರುಗಿಯಲ್ಲಿ, ಅಂದರೆ ಎದುರಾಬದುರು ಆಡುವಾಗ, ನನ್ನ ಕಾಲಿನ ಹೆಬ್ಬೆರಳು ಬಿರುಕು ಬಿಟ್ಟಿತು. ತಪ್ಪು ನನ್ನದೇ. ತಿರುಗಿಸಿ ಒದೆಯುವಾಗ ಪಾದದ ಬೆನ್ನಿನಿಂದ ಹೊಡೆಯಬೇಕು, ಬೆರಳು ಮುಂದಕ್ಕೆ ಚಾಚಿ ಗಟ್ಟಿಯಾಗಿರಬೇಕು. ನಾನು ಬೆರಳು ಸಡಿಲ ಬಿಟ್ಟಿದ್ದೆ, ಎದುರಿನ ಹುಡುಗನ ಮೊಣಕೈಗೆ ಬಡಿಯಿತು. ನಾಲ್ಕು ವಾರ ಒದೆಯಬೇಡಿ ಅಂದರು ಡಾಕ್ಟರು. ಮನೆಯಲ್ಲೇ ಇರುತ್ತೇನೆ ಅಂತ ಗ್ವಾನ್‌ಜಾಂಗ್‌ನಿಮ್‌ಗೆ ಮೆಸೇಜ್ ಹಾಕಿದೆ. ಡೊಬೊಕ್ ಹಾಕಿಕೊಂಡು ಬಂದು ಕೂತುಕೊಳ್ಳಿ ಅಂತ ಉತ್ತರ ಬಂತು. ಕೂತೆ, ನಾಲ್ಕು ವಾರ. ನೋಡುವುದೂ ಅಭ್ಯಾಸವೇ ಅಂತ ಅರ್ಥವಾಗಿದ್ದು ಆಗ. ಆ ಹುಡುಗ ದಿನಾ ಬಂದ ತಕ್ಷಣ ನನ್ನ ಮುಂದೆ ನಿಂತು ಬಗ್ಗುತ್ತಿದ್ದ. ನಾನೂ ಎದ್ದು ಅವನಿಗೆ ಬಗ್ಗುತ್ತಿದ್ದೆ. ಮತ್ತೆ ಅವನ ಎದುರು ನಿಂತ ದಿನ ಇಬ್ಬರಲ್ಲೂ ಹೆದರಿಕೆ ಇರಲಿಲ್ಲ. ಪ್ರತಿ ಸಲ ಬಗ್ಗಿ, ಆಡಿ, ಬಗ್ಗಿ ಮುಗಿಸುವುದರಿಂದಲೇ ಹಾಗಾಯಿತು ಅಂತ ನನ್ನ ನಂಬಿಕೆ. ಮನಸ್ಸಿನಲ್ಲಿ ಏನನ್ನೂ ಉಳಿಸಿಕೊಂಡು ಮನೆಗೆ ಹೋಗಲು ಅಲ್ಲಿ ಜಾಗವಿಲ್ಲ.

ಈ ರೀತಿ ರಿವಾಜು ಎಷ್ಟು ಹಳೆಯದು? ಜಾಹೀರಾತುಗಳಲ್ಲಿ ಎರಡು ಸಾವಿರ ವರ್ಷ ಅಂತೆಲ್ಲ ಬರೆದಿರುತ್ತಾರೆ. ನನಗೆ ಅದು ಒಪ್ಪಿಗೆಯಾಗುವುದಿಲ್ಲ. 1910ರಿಂದ 1945ರವರೆಗೆ ಕೊರಿಯಾ ಜಪಾನಿನ ಕೈಕೆಳಗಿತ್ತು. ಟೇಕ್ವಾಂಡೋದ ಮೊದಲ ಶಾಲೆಗಳನ್ನು ಕಟ್ಟಿದವರಲ್ಲಿ ಹಲವರು ಜಪಾನಿನಲ್ಲಿ ಕರಾಟೆ ಕಲಿತವರು. ಬಣ್ಣದ ಬೆಲ್ಟು, ಡಾನ್ ಲೆಕ್ಕ ಎಲ್ಲ ಆ ಕಡೆಯಿಂದ ಬಂದವು. ಟೇಕ್ವಾಂಡೋ ಅನ್ನುವ ಹೆಸರು ಇಟ್ಟದ್ದು 1955ರಲ್ಲಿ. ಸಿಯೋಲ್‌ನಲ್ಲಿ ಟೇಕ್ವಾಂಡೋದ ಮುಖ್ಯ ಕೇಂದ್ರ ಕುಕ್ಕಿವನ್ ಎದ್ದದ್ದು 1972ರಲ್ಲಿ. ಇಂದಿಗೂ ಡಾನ್ ಪ್ರಮಾಣಪತ್ರ ಬರುವುದು ಅಲ್ಲಿಂದಲೇ. 2000ದ ಸಿಡ್ನಿ ಒಲಿಂಪಿಕ್ಸ್‌ನಿಂದ ಪದಕದ ಆಟವಾಯಿತು. ಕೊರಿಯಾದಲ್ಲಿ ನಿಜವಾಗಿ ಹಳೆಯದು ಬೇಕಾದರೆ ತೆಕ್ಕ್ಯೊನ್ ನೋಡಬೇಕು, ಕುಣಿತದ ಹಾಗೆ ಹೆಜ್ಜೆ ಹಾಕುತ್ತಾ ಕಾಲಿನಿಂದ ಆಡುವುದು. 2011ರಲ್ಲಿ ಯುನೆಸ್ಕೋ ಅದನ್ನು ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತು. ಸುವಾನ್‌ನಲ್ಲೇ, ದೊರೆ ಜೊಂಗ್‌ಜೊ ಕಟ್ಟಿಸಿದ ಕೋಟೆಯ ಅರಮನೆಯ ಮುಂದೆ, 24 ಬಗೆಯ ಹಳೆಯ ಯುದ್ಧವಿದ್ಯೆ ಮಾಡಿ ತೋರಿಸುತ್ತಾರೆ. ಅವನ ಅಪ್ಪಣೆಯಂತೆ 1790ರಲ್ಲಿ ಮಾಡಿದ ಚಿತ್ರಗಳಿರುವ ಕೈಪಿಡಿಯೇ ಅದಕ್ಕೆ ಆಧಾರ. ಹೆಚ್ಚಿನವು ಕತ್ತಿ, ಈಟಿಯವು. ರಜೆ ಸಿಕ್ಕಾಗ ಹೋಗಿ ನೋಡುತ್ತಿದ್ದೆ.

ಇದನ್ನೆಲ್ಲ ಗ್ವಾನ್‌ಜಾಂಗ್‌ನಿಮ್ ಹತ್ತಿರ ಕೇಳಲು ನನಗೆ ಭಯವಿತ್ತು, ಬೇಸರ ಮಾಡಿಕೊಂಡಾರು ಅಂತ. ಅವರು ಮಾಡಿಕೊಳ್ಳಲಿಲ್ಲ. ನನ್ನ ಗುರುಗಳ ಗುರುಗಳು ಕರಾಟೆಯವರೇ, ಆದರೆ ಬಾಗಿಲಲ್ಲಿ ಬಗ್ಗುವುದನ್ನು ನನಗೆ ಕಲಿಸಿದ್ದು ನನ್ನಪ್ಪ ಅಂದರು. ಹಿರಿಯರಿಗೆ ಬಗ್ಗುವುದು, ಎರಡು ಕೈಯಲ್ಲಿ ಕೊಡುವುದು ಕೊರಿಯಾದ ಮನೆಗಳಲ್ಲಿ ಮೊದಲೇ ಇತ್ತು, ಅದೇ ಡೊಜಾಂಗ್‌ನ ಒಳಗೂ ಬಂತು. ಈ ಉತ್ತರ ನನಗೆ ಒಪ್ಪಿಗೆಯಾಯಿತು.

ಒಂದು ವರ್ಷ ನಾಲ್ಕು ತಿಂಗಳಿಗೆ ಮೊದಲ ಡಾನ್ ಪರೀಕ್ಷೆ. ನೋವಿನಿಂದ ನನಗೆ ತಡವಾಯಿತು, ಅಲ್ಲಿ ಸಾಮಾನ್ಯವಾಗಿ ಒಂದು ವರ್ಷ ಸಾಕು. ಇಷ್ಟು ಬೇಗ ಕಪ್ಪು ಬೆಲ್ಟಾ ಅಂತ ಊರಿನ ಗೆಳತಿಯರು ಕೇಳಿದ್ದಾರೆ. ಕೊರಿಯಾದವರಿಗೆ ಮೊದಲ ಡಾನ್ ಅಂದರೆ ಕಾಗುಣಿತ ಮುಗಿಯಿತು ಅಂತ ಅಷ್ಟೇ. ಓದು ಇನ್ನು ಶುರುವಾಗಬೇಕು. ಕಲಿಸುವವರಾಗಲು ನಾಲ್ಕನೇ ಡಾನ್ ಬೇಕು. ಅದಕ್ಕೆ ಒಂದು, ಎರಡು, ಮೂರು ವರ್ಷ ಅಂತ ಕಾಯುತ್ತಾ ಹೋದರೆ, ಮೊದಲ ಡಾನ್ ಆದಮೇಲೆ ಕನಿಷ್ಠ ಆರು ವರ್ಷ.

ಪರೀಕ್ಷೆ ಊರಿನ ಒಳಾಂಗಣ ಕ್ರೀಡಾಂಗಣದಲ್ಲಿ. ಬೆನ್ನಿಗೆ ನಂಬರು ಅಂಟಿಸಿದ್ದರು. ಸುತ್ತ ನನ್ನ ಮೊಣಕೈ ಎತ್ತರದ ಮಕ್ಕಳು. ಎಂಟನೇ ಪೂಮ್‌ಸೆ ಎಲ್ಲರಿಗೂ ಕಡ್ಡಾಯ, ಜೊತೆಗೆ ಅವರು ಹೇಳಿದ್ದು ಇನ್ನೊಂದು. ನನಗೆ ಬಂದದ್ದು ನಾಲ್ಕನೆಯದು. ಎರಡನೇ ಒದೆತ ಎತ್ತಿದಾಗ ಓಲಾಡಲಿಲ್ಲ. ಆಮೇಲೆ ಎದೆಗೆ ಹೊಗು, ಅಂದರೆ ಪೆಟ್ಟು ತಡೆಯುವ ಕವಚ, ಕಟ್ಟಿಕೊಂಡು ಒಂದು ಸುತ್ತು ಕ್ಯೊರುಗಿ. ಎಲ್ಲ ಸೇರಿ ನನ್ನ ಪಾಲಿಗೆ ಹತ್ತು ನಿಮಿಷವೂ ಆಗಿರಲಿಕ್ಕಿಲ್ಲ.

ಸುಮಾರು ದಿನ ಕಳೆದು ಪ್ರಮಾಣಪತ್ರ ಬಂತು. ಕ್ಲಾಸಿನ ಕೊನೆಗೆ ನನ್ನನ್ನು ಮುಂದೆ ಕರೆದರು. ಗ್ವಾನ್‌ಜಾಂಗ್‌ನಿಮ್ ಎರಡು ಕೈಯಲ್ಲಿ ಕೊಟ್ಟರು, ಎರಡು ಕೈಯಲ್ಲಿ ತೆಗೆದುಕೊಂಡೆ. ಅವರ ಕಾಲಿಗೆ ನಮಸ್ಕಾರ ಮಾಡಬೇಕು ಅಂತ ಮನಸ್ಸು ಎಳೆಯುತ್ತಿತ್ತು. ಅದು ಅಲ್ಲಿಯ ರೂಢಿಯಲ್ಲ. ಹಿಂದಿನ ವಾರವೇ ಆ ಹುಡುಗಿಯನ್ನು ಕೇಳಿ "ಖುನ್‌ಜೊಲ್" ಕಲಿತುಕೊಂಡಿದ್ದೆ. ಹೊಸ ವರ್ಷದ ದಿನ ಹಿರಿಯರಿಗೆ ನೆಲಕ್ಕೆ ಕೂತು ಬಗ್ಗುವ ನಮಸ್ಕಾರ ಅದು. ಹೆಂಗಸರು ಬಲಗೈಯನ್ನು ಎಡಗೈ ಮೇಲಿಟ್ಟುಕೊಳ್ಳಬೇಕು. ಮಾಡಿದೆ. ಅವರು ಸ್ವಲ್ಪ ಹೊತ್ತು ಸುಮ್ನೆ ನಿಂತಿದ್ದರು. ಆಮೇಲೆ ತಾವೂ ಮಂಡಿಯೂರಿ ನನಗೆ ಬಗ್ಗಿದರು.

ಎಲ್ಲರೂ "ಸುಗೊಹಾಸ್ಯೊಸ್ಸುಮ್‌ನಿದಾ" ಅಂದರು. ಕಷ್ಟಪಟ್ಟು ಮಾಡಿದಿರಿ ಅಂತ ಅರ್ಥ, ಪ್ರತಿ ಕ್ಲಾಸು ಮುಗಿಯುವುದು ಇದರಿಂದಲೇ. ಮರುದಿನ ಎಂಟೂವರೆಗೆ ಕೋರ್ಯೋ ಶುರು ಮಾಡಿಸಿದರು, ಎರಡನೇ ಡಾನ್‌ಗೆ ಬೇಕಾದ ಪೂಮ್‌ಸೆ. ಮೊದಲ ಸಾಲಿನಲ್ಲೇ ಪಕ್ಕದ ಒದೆತ, ಒಂದೇ ಕಾಲಿನಲ್ಲಿ, ಕೆಳಗೊಂದು ಮೇಲೊಂದು, ನಡುವೆ ಪಾದ ನೆಲಕ್ಕೆ ತಾಗಬಾರದು. ನನಗೆ ತಾಗಿತು. "ಮತ್ತೆ," ಅಂದರು ಗ್ವಾನ್‌ಜಾಂಗ್‌ನಿಮ್.