ಭಾಗಾಕಾರ ಕೊನೇಲಿ, ಶೇಷಕ್ಕೊಂದು ಲೆಕ್ಕ: ನನ್ನ ಅನುಭವ

ನಾನು ಲೆಕ್ಕಪತ್ರದ ಸಾಫ್ಟ್‌ವೇರ್ ಬರೆಯೋನು, ಹಾಗಾಗಿ ಯಾರದೇ ಕೋಡ್ ರಿವ್ಯೂಗೆ ಬಂದ್ರೂ ಕಣ್ಣು ಮೊದಲು ಹೋಗೋದು ಭಾಗಾಕಾರದ ಮೇಲೆ. ಸಿ, ಜಾವಾ ಅನ್ನೋ ಪ್ರೋಗ್ರಾಮಿಂಗ್ ಭಾಷೆಗಳಲ್ಲಿ ಎರಡೂ ಕಡೆ ಇಂಟಿಜರ್ (ಪೂರ್ಣಾಂಕ) ಇದ್ರೆ 7/2 ಅಂದ್ರೆ 3, ಉಳಿದ ಅರ್ಧ ಎಲ್ಲಿ ಹೋಯ್ತು ಅಂತ ಕಂಪೈಲರ್ (ಕೋಡನ್ನ ಯಂತ್ರಕ್ಕೆ ಅರ್ಥವಾಗೋ ರೂಪಕ್ಕೆ ತಿರುಗಿಸೋ ಪ್ರೋಗ್ರಾಂ) ಸಾಮಾನ್ಯವಾಗಿ ತುಟಿ ಬಿಚ್ಚಲ್ಲ. ಮೊತ್ತದ ಮೇಲೆ ಶೇಕಡಾ 15 ಬೇಕು ಅಂತ 15/100*ಮೊತ್ತ ಬರೆದ್ರೆ ಮೊದಲು ನಡೆಯೋ 15/100 ಸೊನ್ನೆ ಆಗಿಬಿಟ್ಟು ಉತ್ತರ ಯಾವಾಗ್ಲೂ 0. ಅದಕ್ಕೆ ನಾನು ಹಣನೆಲ್ಲ ಅತಿ ಚಿಕ್ಕ ಘಟಕದಲ್ಲಿ ಇಂಟಿಜರ್ ಆಗಿ ಇಟ್ಕೊಂಡು, ಗುಣಾಕಾರ ಪೂರ್ತಿ ಮುಗಿಸಿ, ಕೊನೇಲಿ ಒಂದೇ ಸಲ ಭಾಗಿಸ್ತೀನಿ, ಗುಣಿಸಿದ್ದು 32 ಬಿಟ್ ಇಂಟಿಜರಲ್ಲಿ ಹಿಡಿಸದಷ್ಟು ದೊಡ್ಡದಾಗಬಹುದು ಅನ್ಸಿದ್ರೆ ಶುರುವಲ್ಲೇ 64 ಬಿಟ್ ಇಂಟಿಜರ್ ತಗೋತೀನಿ.

ಮೈನಸ್ ಬಂದಾಗ ಇನ್ನೂ ಹುಷಾರಾಗಿರ್ಬೇಕು. ಜಾವಾದಲ್ಲಿ, ಸಿ99 (ಸಿ ಭಾಷೆಯ 1999 ರ ಮಾನದಂಡ) ಇಂದಾಚೆಗಿನ ಸಿ ಯಲ್ಲಿ -7/2 ಮಾಡಿದ್ರೆ -3, ಪೈಥಾನ್‌ನ // (ಉತ್ತರನ ಕೆಳಗಿನ ಪೂರ್ಣಾಂಕಕ್ಕೆ ಇಳಿಸೋ ಭಾಗಾಕಾರ) ಕೊಡೋದು -4. ಶೇಷನೂ ಬೇರೆ, ಅಲ್ಲಿ -1 ಇಲ್ಲಿ 1. ದಿನಾಂಕದ ಕೋಡಲ್ಲಿ ಇದು ನೇರ ಹೊಡೆತ ಕೊಡುತ್ತೆ: 1970 ಜನವರಿ 1 ರಿಂದ ಎಣಿಸಿದ ಸೆಕೆಂಡನ್ನ 86400 ರಿಂದ ಭಾಗಿಸಿ ದಿನ ತೆಗೀತೀವಲ್ಲ, ಅದಕ್ಕೂ ಒಂದು ಸೆಕೆಂಡ್ ಹಿಂದೆ ಅಂದ್ರೆ -1, ಸಿ ಯಲ್ಲಿ -1/86400 ಸೊನ್ನೆ, ಡಿಸೆಂಬರ್ 31 ಹೋಗಿ ಜನವರಿ 1 ಆಯ್ತು. 1970ಕ್ಕಿಂತ ಮುಂಚೆ ಹುಟ್ಟಿದವರು ಎಷ್ಟೋ ಜನ ಇದಾರೆ! ಜಾವಾದಲ್ಲಿ ಇದಕ್ಕೆ ನಾನು ಫ್ಲೋರ್‌ಡಿವ್ ಬಳಸ್ತೀನಿ, ಅದೂ ಪೈಥಾನ್ ಥರ ಕೆಳಗಿನ ಪೂರ್ಣಾಂಕಕ್ಕೇ ಇಳಿಸುತ್ತೆ.

ನನಗೆ ತುಂಬಾ ಇಷ್ಟವಾದ ಭಾಗ ಹಂಚಿಕೆ. 100 ನ್ನ 3 ಕಂತು ಮಾಡಿದ್ರೆ 33, 33, 33, ಒಂದು ಮಾಯ. ಪ್ರತಿ ಕಂತನ್ನ ಬೇರೆ ಬೇರೆ ರೌಂಡ್ ಮಾಡೋ ಬದಲು ಅಲ್ಲಿವರೆಗಿನ ಒಟ್ಟು ಎಷ್ಟಾಗಬೇಕು ಅಂತ ಲೆಕ್ಕ ಹಾಕ್ತೀನಿ: 100*1/3 ಅಂದ್ರೆ 33, 100*2/3 ಅಂದ್ರೆ 66, 100*3/3 ಅಂದ್ರೆ 100. ಹಿಂದಿನದನ್ನ ಕಳೆದ್ರೆ ಕಂತು 33, 33, 34. ಕಂತು ಎಷ್ಟೇ ಇರ್ಲಿ, ಕೊನೆ ಒಟ್ಟು ತಾನಾಗೇ ಸರಿಹೋಗುತ್ತೆ, ಬೇರೆ ತಿದ್ದುಪಡಿ ಕೋಡೇ ಬೇಡ.

ಚಿಲ್ಲರೆ ತಾನೇ ಅಂತ ಬಿಡೋವ್ರಿಗೆ ಕೆನಡಾದ ವ್ಯಾಂಕೂವರ್ ಷೇರುಪೇಟೆ ಕಥೆ ಹೇಳ್ತೀನಿ. 1982 ರಲ್ಲಿ 1000 ಕ್ಕೆ ಶುರುವಾದ ಸೂಚ್ಯಂಕನ ಪ್ರತಿ ಸಲ ಮರುಲೆಕ್ಕ ಹಾಕುವಾಗ ಮೂರು ದಶಮಾಂಶಕ್ಕೆ ಕತ್ತರಿಸ್ತಿದ್ರು, ರೌಂಡ್ ಮಾಡ್ತಿರ್ಲಿಲ್ಲ, ನವೆಂಬರ್ 1983 ರ ಹೊತ್ತಿಗೆ ಅದು 520 ರ ಆಸುಪಾಸಿಗೆ ಇಳಿದಿತ್ತು, ಸರಿ ಮಾಡಿದಾಗ ಬಂದಿದ್ದು 1098.892.

ರೌಂಡ್ ಫಂಕ್ಷನ್‌ನೂ ಕಣ್ಮುಚ್ಚಿ ನಂಬಲ್ಲ. ಪೈಥಾನ್ 3 ರಲ್ಲಿ 2.5 ಹೋಗೋದು 2 ಕ್ಕೆ, 3.5 ಹೋಗೋದು 4 ಕ್ಕೆ, ಅರ್ಧ ಬಂದ್ರೆ ಸಮಸಂಖ್ಯೆ ಕಡೆಗೆ ಅನ್ನೋ ನಿಯಮ ಅದರದ್ದು. ಜಾವಾಸ್ಕ್ರಿಪ್ಟಲ್ಲಿ 2.5 ಆದ್ರೆ 3, -2.5 ಆದ್ರೆ -2. ಫ್ಲೋಟಲ್ಲಿ (ದಶಮಾಂಶನ ಅಂದಾಜಾಗಿ ಇಟ್ಕೊಳ್ಳೋ ಸಂಖ್ಯೆ) 0.29*100 ಮಾಡಿ ಇಂಟಿಜರ್ ತೆಗೆದ್ರೆ 28. ಹಾಗಾಗಿ ಟೆಸ್ಟಲ್ಲಿ 0, -1, ಭಾಜಕಕ್ಕಿಂತ ಒಂದು ಕಮ್ಮಿ, ಸರಿಯಾಗಿ ಅರ್ಧ ಬರೋ ಸಂಖ್ಯೆ ಇವಿಷ್ಟನ್ನೂ ಹಾಕಿ, ಹಂಚಿದ್ದೆಲ್ಲ ಕೂಡಿದ್ರೆ ಮೂಲ ಮೊತ್ತ ಬರುತ್ತಾ ಅಂತ ನೋಡಿದ ಮೇಲೇನೇ ಕೋಡ್ ಮರ್ಜ್ ಮಾಡೋದು, ಅಂದ್ರೆ ಮುಖ್ಯ ಕೋಡಿಗೆ ಸೇರಿಸೋದು.