ಬೇಲಿ ಕಿತ್ತ ಮೇಲೆ ಚಿಗುರಿದ ಬೆಟ್ಟ

ಹೋದ ತಿಂಗಳು ಪಕ್ಕದ ಊರಿನಿಂದ ಏಳೆಂಟು ಜನ ನಮ್ಮ ಬೆಟ್ಟ ನೋಡಲು ಬಂದಿದ್ದರು. ಅವರಲ್ಲಿ ಇಬ್ಬರು, ಹತ್ತು ವರ್ಷದ ಹಿಂದೆ "ನಿಂಗೆ ಬೇರೆ ಕೆಲಸ ಇಲ್ವಾ ಮಾರಾಯಾ" ಅಂದವರು. ಅವರೇ ಈಗ ಮತ್ತಿ ಮರದ ಬುಡದಲ್ಲಿ ಕೂತು ದರಕಿನೊಳಗೆ, ಅಂದರೆ ಉದುರಿದ ಒಣ ಎಲೆಯ ಹಾಸಿನೊಳಗೆ, ಬೆರಳು ಹಾಕಿ ನೋಡುತ್ತಿದ್ದರು. ನಾನು ಏನೂ ಹೇಳಲಿಲ್ಲ, ಸುಮ್ನೆ ನಕ್ಕೆ. ಆಮೇಲೆ ಚಾ ಕುಡಿಯುತ್ತಾ ಅವರಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಶಿರಸಿ, ಸಿದ್ದಾಪುರ ಕಡೆಯವರಿಗೆ ಸೊಪ್ಪಿನ ಬೆಟ್ಟದ ಬಗ್ಗೆ ಪಾಠ ಬೇಡ. ಬೇರೆಯವರಿಗೆ ಒಂದು ಮಾತು: ಅಡಿಕೆ ತೋಟಕ್ಕೆ ಸೊಪ್ಪು, ದರಕು ತರಲು ತೋಟದವರಿಗೆ ಬಿಟ್ಟುಕೊಟ್ಟ ಕಾಡು ಅದು. ಎಕರೆ ತೋಟಕ್ಕೆ 9 ಎಕರೆ ಬೆಟ್ಟ, ಬ್ರಿಟಿಷರ ಕಾಲದ ಲೆಕ್ಕ. ಆ ಲೆಕ್ಕದಲ್ಲಿ ನಮ್ಮ ಹನ್ನೊಂದು ಮನೆಗೆ ಸೇರಿ ಹತ್ತಿರ ಹತ್ತಿರ 80 ಎಕರೆ. ಕಾಗದದಲ್ಲಿ ಅದು ಬೆಟ್ಟ. ಕಣ್ಣಿಗೆ ಕಾಣುತ್ತಿದ್ದದ್ದು ಯುಪಟೋರಿಯಂ ಕಳೆ, ಒಂದು ಮೂಲೆಯಲ್ಲಿ ಅಕೇಶಿಯಾ, ಸೊಪ್ಪು ಕಡಿದು ಕಡಿದು ಕಂಬದ ಹಾಗೆ ನಿಂತ ಕೌಲು ಮರಗಳು. 1983ರಲ್ಲಿ ಅಪ್ಪಿಕೋ ಚಳವಳಿಯಲ್ಲಿ ಕಾಡು ಕಡಿಯುವುದನ್ನು ತಡೆಯಲು ಶಿರಸಿ ಕಡೆಯ ಸಾಲ್ಕಣಿಯವರು ಮರ ಅಪ್ಪಿಕೊಂಡರು ಅಂತ ನಾವೆಲ್ಲ ಭಾಷಣ ಮಾಡುತ್ತೇವೆ. ನಮ್ಮ ಬೆಟ್ಟದಲ್ಲಿ ಅಪ್ಪಿಕೊಳ್ಳೋಣ ಅಂದರೆ ತೋಳಿಗೆ ಸಿಗುವಂಥ ಮರ ಇರಲಿಲ್ಲ. ಕೆಳಗಿನ ಹಳ್ಳ ಶಿವರಾತ್ರಿಗೆಲ್ಲ ನಿಂತುಬಿಡುತ್ತಿತ್ತು.

2014ರಲ್ಲಿ ಅಡಿಕೆ ದರ ಎಲ್ಲಿಗೋ ಹೋಗಿತ್ತಲ್ಲ, ಆಗ ನನ್ನ ಕೈಯಲ್ಲೂ ನಾಲ್ಕು ಕಾಸು ಓಡಾಡಿತು. ನನ್ನ ಪಾಲಿನ ಆರೇಳು ಎಕರೆಗೆ ಅಗಳ ತೋಡಿಸಿದೆ, ಕಲ್ಲು ಕಂಬ ನೆಡಿಸಿದೆ, ಮುಳ್ಳುತಂತಿ ಎಳೆಸಿದೆ. ಎಪ್ಪತ್ತು ಸಾವಿರ ಆಯಿತು, ಐದು ಹೆಚ್ಚೇ ಇರಬಹುದು. ಮೊದಲ ಮಳೆಗಾಲಕ್ಕೆ ಅಗಳ ಅರ್ಧ ಮುಚ್ಚಿತು. ದೀಪಾವಳಿಯೊಳಗೆ ತಂತಿ ಮೂರು ಕಡೆ ಕತ್ತರಿಸಿತ್ತು. ಸರಿ ಮಾಡಿಸಿದೆ. ಮತ್ತೆ ಕತ್ತರಿಸಿತು. ಒಂದು ಕಂಬವಂತೂ ಯಾರದೋ ಕೊಟ್ಟಿಗೆಗೆ ಆಧಾರವಾಗಿ ಹೋಯಿತು. ಯಾರದು ಅಂತ ಗೊತ್ತು, ಬಿಡಿ.

ಮರುವರ್ಷ ಗಿಡ ನೆಡುವ ಹುಚ್ಚು. 1,200 ಸಸಿ, ಸಾಗಾಟ, ಗುಂಡಿ, ಕೂಲಿ ಸೇರಿ ನಲವತ್ತು ಸಾವಿರದ ಆಸುಪಾಸು. 2015ರಲ್ಲಿ ಮಳೆ ಕೈಕೊಟ್ಟದ್ದು ನಿಮಗೇ ನೆನಪಿದೆ. 2016 ಅದಕ್ಕಿಂತ ಕಡೆ. ಉಳಿದದ್ದು ನೂರೈವತ್ತು ಗಿಡ ಇರಬಹುದು. ಅದರಲ್ಲೂ ಅರ್ಧ, ಹಳೇ ಬೊಡ್ಡೆಯಿಂದ ತಾನಾಗಿ ಚಿಗುರಿದ ನೇರಳೆ, ಮತ್ತಿ. ನಾನೇ ನೆಟ್ಟದ್ದು ಅಂತ ಎರಡು ವರ್ಷ ಎಲ್ಲರಿಗೂ ತೋರಿಸಿದ್ದೇನೆ!

ಆಮೇಲೆ ಸಮಿತಿ ಮಾಡಿದೆವು. ಹನ್ನೊಂದೂ ಮನೆಯವರು ಕೂತು, ದನ ಬಿಟ್ಟರೆ 250 ರೂಪಾಯಿ ದಂಡ ಅಂತ ಬರೆದೆವು. ವರ್ಷವಿಡೀ ವಸೂಲಾದ ದಂಡ 250. ಕೊಟ್ಟವನು ನನ್ನ ಚಿಕ್ಕಪ್ಪನ ಮಗ. ಅವನು ಆರು ತಿಂಗಳು ನನ್ನ ಹತ್ತಿರ ಮಾತು ಬಿಟ್ಟ.

ಬೆಟ್ಟದಾಚೆ ಹದಿನಾಲ್ಕು ಮನೆಗಳಿವೆ. ತೋಟ ಇಲ್ಲದವರು. ನಮ್ಮ ತೋಟಕ್ಕೇ ಕೂಲಿಗೆ ಬರುತ್ತಾರೆ, ಮನೆಗೆ ಎರಡೋ ಮೂರೋ ದನ ಇವೆ. ಅವರನ್ನು ಒಂದು ದಿನವೂ ನಾವು ಸಭೆಗೆ ಕರೆದಿರಲಿಲ್ಲ. ಒಮ್ಮೆ ಅಲ್ಲಿನ ಹೆಂಗಸೊಬ್ಬರ ದನ ಹಿಡಿದು ತಂದು ನಮ್ಮ ಕೊಟ್ಟಿಗೆಯಲ್ಲಿ ಕಟ್ಟಿದೆ. ಸಂಜೆ ಆಕೆ ಬಂದರು. ಜಗಳಕ್ಕೆ ಬಂದರು ಅಂದುಕೊಂಡೆ. ಆಕೆ ತಂಬಿಗೆ ತಂದಿದ್ದರು. "ಕರು ಕೂಗ್ತಾ ಇದೆ, ಮೊದಲು ಹಾಲು ಕರ್ಕೊಳ್ತೇನೆ, ಆಮೇಲೆ ಬಯ್ಯಿ" ಅಂದರು. ಹಿಂಡುತ್ತಾ ಹಿಂಡುತ್ತಾ ಇನ್ನೊಂದು ಮಾತು ಹೇಳಿದರು. "ನೀವು ಬೇಲಿ ಹಾಕಿದ ಮೇಲೆ ನಾವು ರಾತ್ರಿ ಬಿಡೋದು. ಕತ್ತಲಲ್ಲಿ ದನ ಏನು ತಿಂತು ಅಂತ ನಮಗೂ ಕಾಣೋದಿಲ್ಲ."

ಎಪ್ಪತ್ತು ಸಾವಿರ ಕೊಟ್ಟು ನಾನು ಸಾಧಿಸಿದ್ದು ಇದು, ನೋಡಿ.

ಮಾರನೇ ವಾರ ಆಕೆಯನ್ನೇ ಬೆಟ್ಟಕ್ಕೆ ಕರೆದುಕೊಂಡು ಹೋಗಿ, ದನ ಬಿಡದಿದ್ದರೆ ನಡೆಯುವ ಜಾಗ ಯಾವುದು ಅಂತ ಕೇಳಿದೆ. ಕರಡದ ಹುಲ್ಲು ಎಲ್ಲಿ ಮೊದಲು ಬರುತ್ತದೆ, ಎಲ್ಲಿ ಬೇಸಿಗೆಯಲ್ಲೂ ಹಸಿರಿರುತ್ತದೆ, ಎಲ್ಲಾ ಆಕೆಯ ಕಾಲಿಗೇ ಗೊತ್ತು. ಕಾಲುದಾರಿಯನ್ನೇ ಗಡಿ ಮಾಡಿ ಬೆಟ್ಟವನ್ನು ನಾಲ್ಕು ತುಂಡು ಮಾಡಿದವರು ಅವರೇ. ಸರ್ವೆ ನಕಾಶೆ ಹಿಡಿದು ನಾನು ಮಾಡಿದ್ದು ಮೂಲೆಗೆ ಹೋಯಿತು.

2017ರಲ್ಲಿ ಹಳ್ಳದ ತಲೆಯ ತುಂಡು ಮುಚ್ಚಿದೆವು. ಎರಡು ವರ್ಷಕ್ಕೊಂದು ತುಂಡು ಮುಚ್ಚುವುದು, ಮುಚ್ಚಿದ್ದನ್ನು ನಾಲ್ಕು ವರ್ಷ ತೆರೆಯಬಾರದು. ಮುಚ್ಚಿದ ಕಡೆ ದನ ಇಲ್ಲ. ಆದರೆ ದೀಪಾವಳಿ ಕಳೆದ ಮೇಲೆ ಹುಲ್ಲು ಕೊಯ್ದು ಹೊತ್ತೊಯ್ಯಬಹುದು, ದುಡ್ಡಿಲ್ಲ. ಅದೇ ತುಂಡಿನಲ್ಲಿ ನಾವೂ ಸೊಪ್ಪು ಕಡಿಯುವಂತಿಲ್ಲ. ಕಷ್ಟ ಆದದ್ದು ಇಲ್ಲಿ. ಆಚೆ ಕೇರಿಯವರು ಒಂದೇ ಸಭೆಗೆ ಒಪ್ಪಿದರು. ನಮ್ಮವರನ್ನು ಒಪ್ಪಿಸಲು ಎರಡು ಮಳೆಗಾಲ ಬೇಕಾಯಿತು. "ಬೆಟ್ಟ ನಮ್ಮದು, ನಿಯಮ ಅವರದಾ?" ಅಂತ ಎದ್ದು ಹೋದವರೂ ಇದ್ದರು. ಕೊನೆಗೆ ಅತೀ ಹಟಮಾರಿ ಒಬ್ಬರನ್ನು ಹೇಗೆ ದಾರಿಗೆ ತಂದೆ ಅನ್ನುವುದನ್ನು ಮಾತ್ರ ಬರೆಯುವುದಿಲ್ಲ. ಅವರೂ ಇದನ್ನು ಓದಬಹುದು.

ನನ್ನ ಬೇಲಿಯನ್ನು ನಾನೇ ಕಿತ್ತೆ. ತಂತಿ ಗುಜರಿಗೆ ಹೋಗಿ ನಾಲ್ಕು ಸಾವಿರವೋ ಏನೋ ಬಂತು. ಅದೇ ದುಡ್ಡಲ್ಲಿ ಮೊದಲ ವರ್ಷದ ಬೆಂಕಿ ರೇಖೆ, ಅಂದರೆ ಬೆಂಕಿ ಹಬ್ಬದ ಹಾಗೆ ಹುಲ್ಲು, ದರಕು ಸವರಿದ ಪಟ್ಟಿ, ಮಾಡಿಸಿದೆವು. ಈಗ ತೋಟದ ಮನೆಯವರು ವರ್ಷಕ್ಕೆ 1,500 ಹಾಕುತ್ತೇವೆ. ಜನವರಿಯಲ್ಲಿ ಬೆಂಕಿ ರೇಖೆ ಸವರುವ ಕೂಲಿ ಪೂರ್ತಿ ಆಚೆ ಕೇರಿಗೇ. ಬೆಂಕಿ ಬಿದ್ದರೆ ಮೊದಲು ಓಡುವವರೂ ಅವರೇ. ನಡುವೆ ಒಮ್ಮೆ ಮಾತ್ರ ಬೆಂಕಿ ಬಿದ್ದಿದೆ, ಅರ್ಧ ಎಕರೆಯೊಳಗೇ ನಿಂತಿತು.

ಉಪ್ಪಾಗೆಯದ್ದು ಇನ್ನೊಂದು ಕಥೆ. ಕಾಡಿನ ಹುಳಿ ಹಣ್ಣು ಅದು, ಒಣಗಿಸಿದ ಸಿಪ್ಪೆ ಮಾರುವುದು. ಮೊದಲೆಲ್ಲ ಯಾರು ಮುಂಚೆ ಹೋದರೋ ಅವರಿಗೆ. ಹಾಗಾಗಿ ಕಾಯಿ ಬಲಿಯುವ ಮೊದಲೇ ಕೊಂಬೆ ಸಮೇತ ಕಡಿಯುತ್ತಿದ್ದರು. ಈಗ ಗ್ರಾಮ ಅರಣ್ಯ ಸಮಿತಿ ಮೂಲಕವೇ ಎಲ್ಲಾ ನಡೆಯುತ್ತದೆ. ದೇವಸ್ಥಾನದಲ್ಲಿ ದಿನ ಗೊತ್ತುಮಾಡುತ್ತೇವೆ, ಅದಕ್ಕಿಂತ ಮುಂಚೆ ಯಾರೂ ಮುಟ್ಟುವುದಿಲ್ಲ. ಮಳೆಗಾಲದ ಹಣ್ಣು, ಒಣಗಿಸಲು ಬೆಂಕಿಯೇ ಬೇಕು. ಹಳೇ ಭಟ್ಟಿಯಲ್ಲಿ ಒಂದು ಕ್ವಿಂಟಲ್ ಒಣ ಸಿಪ್ಪೆಗೆ ಹತ್ತು ಕ್ವಿಂಟಲ್ ಕಟ್ಟಿಗೆ ಸುಡುತ್ತಿತ್ತು, ನಮ್ಮ ಅಂದಾಜು. ಒಂದು ಡ್ರೈಯರ್ ಕಟ್ಟಿಸಿದೆವು, ಹದಿನೆಂಟು ಸಾವಿರ. ಕಟ್ಟಿಗೆ ಅರ್ಧಕ್ಕಿಂತ ಕೆಳಗೆ ಬಂತು. ಮೊದಲು ಕಟ್ಟಿದ್ದರಲ್ಲಿ ಹೊಗೆ ಒಳಗೇ ತಿರುಗಿ ಸಿಪ್ಪೆಯೆಲ್ಲ ಕಪ್ಪಾಗಿ ಒಂದು ಸೀಸನ್ ಮಾಲು ಅರ್ಧ ದರಕ್ಕೆ ಹೋಗಿತ್ತು, ಅದನ್ನೂ ಹೇಳಿಬಿಡುತ್ತೇನೆ.

ಉಪ್ಪಾಗೆ ಸಸಿ ನಾನೇ ಮಾಡಲು ಹೋದೆ. ಬೀಜ ಮೊಳೆಯಲು ಏಳೆಂಟು ತಿಂಗಳು ತಿನ್ನುತ್ತದೆ, ಅಷ್ಟರಲ್ಲಿ ಕೊಳೆಯುವುದೇ ಜಾಸ್ತಿ. ಸಿಪ್ಪೆ ಸುಲಿದು ಹಾಕುವುದು ಎಲ್ಲರಿಗೂ ಗೊತ್ತು. ಸುಲಿದ ಮೇಲೆ ಇನ್ನೊಂದು ಕೆಲಸ ಇದೆ, ಅದು ನನ್ನ ಹತ್ತಿರವೇ ಇರಲಿ. ಮನೆಗೆ ಬಂದರೆ ತೋರಿಸುತ್ತೇನೆ, ಬರೆದರೆ ಬೆಲೆ ಇರುವುದಿಲ್ಲ. ಹಲಸಿನ ಬೀಜ ಎರಚಿದ್ದು ಮಾತ್ರ ಶುದ್ಧ ದಂಡ. ಶಾಲೆ ಮಕ್ಕಳು ಮೂರು ಚೀಲ ಬಿತ್ತಿದರು. ಕಾಡುಹಂದಿ ಅವರ ಹೆಜ್ಜೆ ಹಿಡಿದೇ ಬಂದು ಮೂರೇ ರಾತ್ರಿಯಲ್ಲಿ ಮುಗಿಸಿತು.

ಎಲ್ಲಾ ನನ್ನ ಜಾಣತನ ಅಂತ ಹೇಳುವುದಿಲ್ಲ. 2019ರಲ್ಲಿ ಸಾಗರದ ಅರಳಗೋಡು ಕಡೆ, ಕಾಡಿನ ಉಣ್ಣೆಯಿಂದ ಹರಡುವ ಮಂಗನ ಕಾಯಿಲೆ ಜೋರಾದಾಗ ನಮ್ಮಲ್ಲೂ ಜನ ಹೆದರಿ ಬೆಟ್ಟಕ್ಕೆ ಕಾಲಿಡಲಿಲ್ಲ. ಮುಚ್ಚಿದ ತುಂಡಿಗೆ ಅದರಿಂದ ಲಾಭವೇ ಆಯಿತು. ಅದೇ ವರ್ಷ ಆಗಸ್ಟ್‌ನ ಮಳೆಗೆ ತೆರೆದ ತುಂಡಿನಲ್ಲಿ ಎರಡು ಕಡೆ ಮಣ್ಣು ಜಾರಿತು. ಮುಚ್ಚಿದ ಕಡೆ ಜಾರಲಿಲ್ಲ. ನಮ್ಮವರ ಬಾಯಿ ಮುಚ್ಚಿಸಿದ್ದು ಅದೇ. ನನ್ನ ಮಾತಿಗಿಂತ ಅದೇ ಜಾಸ್ತಿ ಕೆಲಸ ಮಾಡಿತು.

ಹಳ್ಳ ಈಗ ಯುಗಾದಿ ದಾಟಿ ಹತ್ತು ಹದಿನೈದು ದಿನ ಹರಿಯುತ್ತದೆ. ದೊಡ್ಡ ಹರಿವಲ್ಲ, ಕೊಡ ಇಟ್ಟರೆ ತುಂಬುವಷ್ಟು. ಮೊದಲ ತುಂಡು ತೆರೆದ ವರ್ಷ, ಮರದ ತುದಿ ಬಿಟ್ಟು ಕಡಿದರೂ, ಹಿಂದೆ ಇಡೀ ಬೆಟ್ಟ ಕಡಿದಾಗ ಸಿಗುತ್ತಿದ್ದಷ್ಟು ಸೊಪ್ಪು ಸಿಕ್ಕಿತು. ದರಕು ನಾಲ್ಕು ಬೆರಳು ದಪ್ಪ ಇದೆ.

ನಾಲ್ಕನೇ ತುಂಡು 2023ಕ್ಕೇ ಮುಚ್ಚಬೇಕಿತ್ತು. ಇನ್ನೂ ಆಗಿಲ್ಲ. ಅದರಲ್ಲಿ ಹೆಚ್ಚಿನ ಪಾಲು ನನ್ನ ಸ್ವಂತ ಅಣ್ಣನದು. ಈ ದೀಪಾವಳಿಗೆ ಅವನು ಬೆಂಗಳೂರಿನಿಂದ ಬರುತ್ತಾನಂತೆ. ಅವನನ್ನು ಬೆಟ್ಟಕ್ಕೆ ಕರೆದುಕೊಂಡು ಹೋಗುವುದು ನಾನಲ್ಲ. ತಂಬಿಗೆ ತಂದಿದ್ದರಲ್ಲ, ಆಕೆಗೆ ಆಗಲೇ ಹೇಳಿಟ್ಟಿದ್ದೇನೆ.